ಹಗೇವಿನೊಳಗಿನ ಅಮೇರಿಕಾ

ಇದು ನಡೆದ ಕಥೆ. ಬಹಳ ದೂರವೇನೂ ನಡೆದಿಲ್ಲ. ಈರಬಸಪ್ಪನ ಮನೆಯ ಮುಂಗಟ್ಟೆಯಿಂದ ಅವನ ಹಿತ್ತಲಿನ ತನಕ ನಡೆದು ಅಲ್ಲೇ ಕೂತಿದೆ. ಅಷ್ಟು ನಡೆಯಲು ಅದು ಅಮೇರಿಕಾಕ್ಕೆ ಹೋಗಿ ಒಂದು ಸುತ್ತು ಹಾಕಿ ಬರಬೇಕಾಯಿತು ಎಂಬುದೊಂದೇ ವಿಶೇಷ. ನಂಬದವರು ನವಲಗುಂದದಲ್ಲಿ ಯಮನೂರಿನ ಬಸ್ಸು ಹತ್ತಿ, ಬೆಣ್ಣಿಹಳ್ಳ ಕಣ್ಣಿಗೆ ಬೀಳುವ ಮೊದಲೇ ಇಳಿದು, ಊರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಈರಬಸಪ್ಪನನ್ನು ಮಾತ್ರ ಕೇಳಬಾರದು. ಅವನು ಅಮೇರಿಕಾದ ಎಡಪಂಥದವರಿಂದ ಸುರು ಮಾಡುತ್ತಾನೆ; ಹಿತ್ತಲಿಗೆ ಬಂದು ಮುಟ್ಟುವಷ್ಟರಲ್ಲಿ ನಿಮ್ಮ ಕಡೆಯ ಬಸ್ಸು ಹೋಗಿರುತ್ತದೆ.

"ನೋಡ್ರಿ ಇಲ್ಲೆ," ಎಂದು ನೀಲಕ್ಕ ಹಿಟ್ಟಿನ ಡಬ್ಬಿಯನ್ನು ಗಂಡನ ಮುಂದೆ ಬೋರಲು ಮಾಡಿ ತಳ ಬಡಿದಳು. ಬಿದ್ದದ್ದು ಒಂದು ಚಿಟಿಕೆ ಧೂಳು. "ಇವತ್ತಿನ ರೊಟ್ಟಿ ಫಕೀರವ್ವನ ಮನಿ ಹಿಟ್ಟಿಲೆ ಆದವು. ನಾಳೆ ಯಾರ ಮನಿಗೆ ಹೋಗ್ಲಿ, ಅದನ್ನರೆ ಹೇಳ್ರಿ."

ಈರಬಸಪ್ಪ ಮಡಿಲಲ್ಲಿದ್ದ ಟ್ರಾನ್ಸಿಸ್ಟರಿನ ಕಿವಿ ಹಿಂಡಿ ಬಂದ್ ಮಾಡಿದ. ಎಂಬತ್ತೆಂಟನೆಯ ಇಸವಿ, ದೀಪಾವಳಿ. ಅಮೇರಿಕಾದ ಚುನಾವಣೆಯ ಫಲಿತಾಂಶ ಆಗಲೇ ಬಂದಿತ್ತು. ಅವನ ಕಡೆಯವರು ಗೆದ್ದಿದ್ದರು. ಬೆಳಗಾವಿಯಿಂದ ಆಚೆ ಕಾಲಿಡದ ಈರಬಸಪ್ಪನಿಗೆ ಅಮೇರಿಕಾದಲ್ಲಿ ಒಂದು ಕಡೆ ಎಂಬುದು ಇತ್ತು. ಆ ಕಡೆಯವರಿಗೆ ಇವನು ತಮ್ಮ ಕಡೆಯವನೆಂಬುದು ಗೊತ್ತಿರಲಿಲ್ಲ. ಅದರಿಂದ ಇವನ ಕಡೆಯಿಂದ ಏನೂ ಕಡಿಮೆಯಾಗಿರಲಿಲ್ಲ. ಧಾರವಾಡದಲ್ಲಿ ಮ್ಯಾಟ್ರಿಕ್ ಕಲಿಯುವಾಗ ಅಂಟಿದ ಇಂಗ್ಲಿಷು, ಕಡಲಾಚೆಯ ಕೇಂದ್ರಗಳನ್ನು ಹಿಡಿಯುವ ರೇಡಿಯೋ, ಹುಟ್ಟಿನಿಂದ ಬಂದ ಹಟ: ಈ ಮೂರನ್ನೂ ಕಟ್ಟಿಕೊಂಡು ಅವನು ವರ್ಷಗಳಿಂದ ಅಲ್ಲಿಯ ಎಡದವರನ್ನು ವಿರೋಧಿಸುತ್ತ ಬಂದಿದ್ದ. ಈಗ ಐವತ್ತು ರಾಜ್ಯಗಳಲ್ಲಿ ನಲವತ್ತು ಅವನ ಪಾಲಿಗೆ ಬಂದಿದ್ದವು. ಆದರೂ ಮುಖ ಮಾತ್ರ ಹತ್ತಿ ಬೆಳೆ ಹುಳ ತಿಂದವನ ಮುಖದಂತಿತ್ತು. ಗೆದ್ದದ್ದನ್ನು ಹೇಳಿಕೊಳ್ಳಬೇಕಾದರೆ ಸೋತವನೊಬ್ಬ ಎದುರಿಗೆ ಕೂತಿರಬೇಕು. ಸೋತವನು ಮೂರು ಮನೆ ಆಚೆ ಇದ್ದ. ಮಾತು ಬಿಟ್ಟಿದ್ದ.

"ಕಟ್ಟಿ ಮ್ಯಾಲೆ ತುಂಬಿದ ಚೀಲ ಕುಂತೈತಿ, ಒಳಗ ಖಾಲಿ ಡಬ್ಬಿ ಕುಂತೈತಿ," ನೀಲಕ್ಕ ಬಿಡಲಿಲ್ಲ. "ಎರಡರ ನಡಕ ನಾ ಅಡ್ಡಾಡಾಕತ್ತೀನಿ."

"ಆ ಚೀಲಕ್ಕ ಕೈ ಹಚ್ಚಬ್ಯಾಡ."

"ನಾ ಎಲ್ಲಿ ಹಚ್ಚಲಿ ಬಿಡ್ರಿ. ಗುಬ್ಬಿ ಹಚ್ಚ್ಯಾವು."

ಕಟ್ಟೆಯ ಮೂಲೆಯಲ್ಲಿ ನಿಂತ ಜೋಳದ ಚೀಲದ ಒಂದು ಕಿವಿಯನ್ನು ಗುಬ್ಬಿಗಳು ಕುಕ್ಕಿ ಕುಕ್ಕಿ ಸಡಿಲ ಮಾಡಿದ್ದವು. ಅದು ಸಿರಾಜುದ್ದೀನ ತಂದು ಇಟ್ಟು ಹೋದ ಚೀಲ.

ಸಿರಾಜುದ್ದೀನ ಊರಿನ ಸಿಂಪಿಗ. ಮೊದಲು ಹುಬ್ಬಳ್ಳಿಯ ಒಂದು ನೂಲಿನ ಗಿರಣಿಯಲ್ಲಿದ್ದ. ಗಿರಣಿಯಲ್ಲಿ ಕೆಲಸಗಾರರ ಸಂಪು, ಅಂದರೆ ಮುಷ್ಕರ, ಆಯಿತು, ಸಂಪು ಎಳೆಯಿತು, ಗಿರಣಿ ಬಾಗಿಲು ಹಾಕಿತು, ಇವನು ಹೆಂಡತಿ ಮಲಿಕಾಬಿಯನ್ನೂ ಒಂದು ಹೊಲಿಗೆ ಯಂತ್ರವನ್ನೂ ಕರಕೊಂಡು ಊರಿಗೆ ಬಂದ. ಈರಬಸಪ್ಪನೂ ಅವನೂ ಸಾಲಿಯಲ್ಲಿ ಒಂದೇ ಹಲಗೆಯ ಮೇಲೆ ಕೂತವರು. ದಿನಾ ಮುಂಜಾನೆ ಈರಬಸಪ್ಪ ರೇಡಿಯೋದ ಸುದ್ದಿ ಮುಗಿಸಿ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂತರೆ ಅಮೇರಿಕಾದ ಲೋಕಸಭೆ ಸುರುವಾಗುತ್ತಿತ್ತು. ಯೂನಿಯನ್ನಿನಲ್ಲಿದ್ದವನು ಎಂಬ ಕಾರಣಕ್ಕೆ ಎಡದವರ ಪಾಲು ತಾನಾಗಿಯೇ ಸಿರಾಜುದ್ದೀನನಿಗೆ ಬಂದಿತ್ತು.

"ನಿಮ್ಮ ಎಡದವ್ರು ಒಂದು ರಾಜ್ಯದಾಗ ಖೂನಿ ಮಾಡಿದಾಂವಗ ಜೇಲಿನಿಂದ ಶನಿವಾರ ರವಿವಾರ ಸೂಟಿ ಕೊಟ್ಟು ಕಳಿಸಿದ್ರಂತ," ಎಂದು ಈರಬಸಪ್ಪ ತೆಗೆಯುತ್ತಿದ್ದ. "ಹೊಸಾ ಸೊಸಿನ್ನ ತವರಮನಿಗೆ ಕಳಿಸಿದಂಗ. ಅಂವ ತಿರುಗಿ ಬರಲೇ ಇಲ್ಲ."

"ಸಂಪಿನ್ಯಾಗ ನನ್ನೂ ಲಾಕಪ್ಪಿನ್ಯಾಗ ಹಾಕಿದ್ರಲ್ಲ," ಎಂದು ಸಿರಾಜುದ್ದೀನ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಿದ್ದ. "ನನಗ ಸೂಟಿ ಕೊಟ್ಟಿದ್ರ ತಿರುಗಿ ಬರತಿದ್ದೆ. ಸಾರು ಚಲೋ ಇತ್ತು."

"ಸಾಲ್ಯಾಗ ಹುಡುಗ್ರು ಧ್ವಜಕ್ಕ ಮಾತು ಕೊಡಬೇಕಂತ ಕಾನೂನು ಮಾಡಬಾರದಂತ. ಮನಸ್ಸಿಗೆ ಬಂದ್ರ ಕೊಡ್ಲಿ ಅಂತಾರ. ಮನಿಗೆ ಹಿರ್ಯಾರು ಬಂದಾಗ ಹುಡುಗಗ ಶರಣು ಮಾಡು ಅಂತೀವೋ, ಮನಸ್ಸಿಗೆ ಬಂದ್ರ ಮಾಡಪಾ ಅಂತೀವೋ?"

"ನಿನ್ನ ಮಾರಿ ನೋಡಿದ್ರ ಯಾವ ಹುಡುಗಗೂ ಮನಸ್ಸಿಗೆ ಬರೂದಿಲ್ಲಲೇ."

ಹೀಗೆ ಒಬ್ಬ ಒಗೆಯುವುದು, ಒಬ್ಬ ಹಿಡಿಯುವುದು. ಅಂಗಡಿಯ ಮುಂದೆ ನಿಂತವರಿಗೆ ಪುಕ್ಕಟೆ ನಾಟಕ. ಆದರೆ ಈರಬಸಪ್ಪನಿಗೆ ಅದು ನಾಟಕವಾಗಿರಲಿಲ್ಲ. ಆಡುವ ಮಾತಿನ ಹಿಂದೆ ಅವನಲ್ಲಿ ಒಂದು ಭಯವಿತ್ತು. ಹೊಲದಲ್ಲಿ ಅಜ್ಜ ಹಾಕಿದ ಒಡ್ಡು ಯಾಕಿದೆ ಎಂದು ಕೇಳದೆ, ಅಡ್ಡ ಬಂತೆಂದು ಒಡೆಯುವವರು ಈ ಎಡದವರು. ಮಳೆ ಬಂದು ಮಣ್ಣೆಲ್ಲ ಹಳ್ಳಕ್ಕೆ ಹೋದಮೇಲೆ ಅದಕ್ಕೊಂದು ಕಮಿಟಿ ಮಾಡುವವರು. ಇವತ್ತು ಅಲ್ಲಿ ಒಡೆದದ್ದು ನಾಳೆ ಇಲ್ಲಿ ಒಡೆಯುತ್ತದೆ ಎಂದು ಅವನು ಖರೆ ಖರೆ ನಂಬಿದ್ದ.

ಶೀಗಿ ಹುಣ್ಣಿಮೆ ಮುಗಿದ ಹೊಸದರಲ್ಲಿ ಒಂದು ಮುಂಜಾನೆ ಅವನು ತನ್ನ ಎಲ್ಲಕ್ಕಿಂತ ಗಟ್ಟಿ ಮಾತನ್ನು ತೆಗೆದ. ಸಿರಾಜುದ್ದೀನ ಯಾರದೋ ಖಾಕಿ ಚೊಣ್ಣಕ್ಕೆ ಗುಂಡಿ ಹಚ್ಚುತ್ತಿದ್ದ.

"ಹಸದಾಂವಗ ಅನ್ನ ಹಾಕೂದು ಸರಕಾರದ ಕೆಲಸ ಅಂತಾರ ನಿನ್ನ ಮಂದಿ. ಹಾಕ್ಲಿ. ಹಂಗಾರ ಹಸದಾಂವನ ಮಾರಿ ನೋಡೂದು ಯಾರ ಕೆಲಸ? ಟಪಾಲಿನ್ಯಾಗ ಚೆಕ್ಕು ಬರತೈತಂತ. ಕೊಟ್ಟಾಂವಗ ಇಸಕೊಂಡಾಂವ ಗೊತ್ತಿಲ್ಲ, ಇಸಕೊಂಡಾಂವಗ ಕೊಟ್ಟಾಂವ ಗೊತ್ತಿಲ್ಲ. ದೂರದ ದೇಶದಾಂವ ಅತ್ರ ಟೀವಿ ನೋಡಿ ತಾವೂ ಅಳ್ತಾರ, ಬಾಜೂ ಮನಿಯಾಂವನ ಹೆಸರು ಕೇಳು, ಗೊತ್ತಿಲ್ಲ."

"ಅದರಾಗ ಒಂದು ಸುಖ ಐತಿ," ಎಂದ ಸಿರಾಜುದ್ದೀನ. "ಸರಕಾರಕ್ಕ ಮಾರಿ ಇಲ್ಲ. ಅದರ ಕಡೆ ಇಸಕೊಂಡಾಂವ ನಾಳೆ ಅದರ ಮುಂದ ತಲಿ ಎತ್ತಿ ಅಡ್ಡಾಡಬಹುದು."

"ಯಾಕ, ಮಂದಿ ಕಡೆ ಇಸಕೊಂಡಾಂವ ತಲಿ ತಗ್ಗಿಸ್ತಾನೇನು? ಸಂಪಿನ್ಯಾಗ ನಿನ್ನ ಮನಿಗೆ ಜ್ವಾಳಾ ಎಲ್ಲಿಂದ ಬಂತು? ಸರಕಾರದಿಂದೇನು? ಯೂನಿಯನ್ ಕೊಡ್ತೇನು? ನನ್ನ ಹಗೇವಿನಿಂದ ಬಂತು! ಕೂತು ಉಂಡಿ. ನೀ ತಲಿ ತಗ್ಗಿಸಿದ್ಯೇನು?"

ವಾದವೆಂದು ನೋಡಿದರೆ ಒಳ್ಳೆಯ ವಾದ. ಕಾಲೇಜಿನ ಚರ್ಚಾಕೂಟದಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಸಿರಾಜುದ್ದೀನ ದಾರವನ್ನು ಹಲ್ಲಿನಿಂದ ಕಡಿದು, ಚೊಣ್ಣವನ್ನು ಮಡಚಿ ಬದಿಗಿಟ್ಟ. ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ಬೇರೆ ಕಡೆ ನೋಡತೊಡಗಿದರು.

"ಇಷ್ಟ ದಿನಾ ತಗ್ಗಿಸಿದ್ದಿಲ್ಲಲೇ, ಈರ್ಯಾ," ಎಂದ ಅವನು, ಮೆತ್ತಗೆ. "ಈಗ ತಗ್ಗಿಸಿದೆ ನೋಡು."

ಮರುದಿನ ಬೆಳಗಾಗುವಷ್ಟರಲ್ಲಿ ಕಟ್ಟೆಯ ಮೇಲೆ ಚೀಲ ಬಂದು ನಿಂತಿತ್ತು. ಅಂದಿನಿಂದ ಈರಬಸಪ್ಪ ಹೊಲಿಗೆ ಅಂಗಡಿಯ ಕಡೆಗೆ ಹೋಗಲಿಲ್ಲ. ಹೊಲಕ್ಕೆ ಹೋಗುವ ಹಾದಿ ಅಂಗಡಿಯ ಮುಂದೆಯೇ ಇತ್ತು. ಅವನು ಸುತ್ತು ಹಾಕಿ ಕೆರೆಯ ಬದಿಯಿಂದ ಹೋಗುತ್ತಿದ್ದ. ಎತ್ತುಗಳು ಹಳೆಯ ತಿರುವಿನಲ್ಲಿ ನಿಂತು ಅವನ ಮುಖ ನೋಡುತ್ತಿದ್ದವು.

"ಹಗೇವು ತಗಿಸ್ತೀನಿ ಬಿಡು," ಎಂದ ಈರಬಸಪ್ಪ ಈಗ, ಖಾಲಿ ಡಬ್ಬಿಗೆ.

"ತಗಸೂದೇನೋ ತಗಸ್ತೀರಿ. ಬಾಯಿಗೆ ಕೂಡಾಂವ ಯಾರು?"

ಈರಬಸಪ್ಪ ಟ್ರಾನ್ಸಿಸ್ಟರಿನ ಕಿವಿಯನ್ನು ಮತ್ತೆ ಹಿಂಡಿದ. ಇಷ್ಟು ದಿನ ಅವನು ಹಗೇವು ಮುಂದೂಡುತ್ತ ಬಂದದ್ದೂ ಇದೇ ಪ್ರಶ್ನೆಗೆ ಹೆದರಿ.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಹೊಟ್ಟೆ ದೊಡ್ಡದು, ಒಂದು ಮನೆತನ ಉಣ್ಣುವಷ್ಟು. ಸುತ್ತಲೂ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅದಕ್ಕೆ ಬಾಯಿ ತೆಗೆದು ಒಂದು ದಿನ ಬಿಡಬೇಕು, ಆಮೇಲೆ ದೀಪ ಇಳಿಸಿ ನೋಡಬೇಕು, ದೀಪ ಉರಿದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಇಳಿದವನು ಮಾತಾಡುತ್ತಲೇ ಇರಬೇಕು. ಮಾತು ನಿಂತಿತೋ, ಮೇಲಿನವರು ಹಗ್ಗ ಜಗ್ಗಬೇಕು. ಬರೀ ಹೂಂ ಎಂದರೆ ನಡೆಯುವುದಿಲ್ಲ. ಎಚ್ಚರ ತಪ್ಪುತ್ತಿರುವವನೂ ಹೂಂ ಅನ್ನುತ್ತಾನೆ. ಅದಕ್ಕೆ ಬಾಯಿಗೆ ಕೂಡುವವನು ಒಳಗಿನವನಿಂದ ಮಾತು ಹೊರಡಿಸಬಲ್ಲವನಾಗಿರಬೇಕು.

ಈರಬಸಪ್ಪ ತನ್ನ ಹಗೇವಿಗೆ ತಾನೇ ಇಳಿಯುತ್ತಿದ್ದ. ಅವನ ಅಪ್ಪನೂ ಹಾಗೆಯೇ. ಬಾಯಿಗೆ ಕೂಡುವವನು ಸಿರಾಜುದ್ದೀನ. ಗಿರಣಿಯಲ್ಲಿದ್ದಾಗಲೂ ಹಗೇವು ತೆಗೆಯುವ ದಿನ ಹುಬ್ಬಳ್ಳಿಯಿಂದ ಬಂದು ಕೂಡುತ್ತಿದ್ದ. ಈರಬಸಪ್ಪನಿಂದ ಮಾತು ಹೊರಡಿಸಲು ಏನೂ ಕಷ್ಟವಿರಲಿಲ್ಲ. "ಅಮೇರಿಕಾದ ಎಡದವ್ರೇ ಖರೆ ಬಿಡಲೇ" ಎಂದರೆ ಸಾಕು, ಹಗೇವು ಖಾಲಿಯಾಗುವ ತನಕ ಮಾತು ಖಾಲಿಯಾಗುತ್ತಿರಲಿಲ್ಲ.

ಅವತ್ತೇ ಆಳುಮಗ ಹೊಳೆಯಪ್ಪ ಮಣ್ಣು ಕೆದರಿ ಹಾಸುಗಲ್ಲು ಸರಿಸಿದ. ಅವತ್ತೇ ಮಧ್ಯಾಹ್ನದ ಬಸ್ಸಿಗೆ ಧಾರವಾಡದಿಂದ ಮಡಿವಾಳೆಪ್ಪನೂ ಇಳಿದ. ಈರಬಸಪ್ಪನ ತಂಗಿಯ ಮಗ; ಬಿ.ಎ. ಮುಗಿಸಿ ಎಂ.ಎ.ಗೆ ಕೂತವನು. ಕಾಲೇಜಿನಲ್ಲಿ ಅವನು ಏನು ಕಲಿತನೋ, ಪ್ರಿನ್ಸಿಪಾಲರಿಂದ ಜವಾನನ ತನಕ ಎಲ್ಲರ ದನಿಯನ್ನಂತೂ ಕಲಿತಿದ್ದ. ಒಮ್ಮೆ ಊರ ಚೇರಮನ್ನರ ದನಿಯಲ್ಲಿ ಕತ್ತಲಕೋಣೆಯಿಂದ ಕೂಗಿ ಚೇರಮನ್ನರ ಹೆಂಡತಿಯಿಂದಲೇ ಚಹಾ ತರಿಸಿ ಕುಡಿದಿದ್ದ.

ಅತ್ತೆಯ ಹತ್ತಿರ ಬಹಳ ಹೊತ್ತು ಗುಸುಗುಸು ಮಾತಾಡಿ, "ಪ್ಯಾಂಟಿನ ಅಂಚು ಬಿಚ್ಚಿಸಿಕೊಂಡು ಬರ್ತೀನ್ರಿ, ಮಾಂವಾ," ಎಂದು ಹೊರಟ. ಊರಲ್ಲಿ ಪ್ಯಾಂಟಿನ ಅಂಚು ಬಿಚ್ಚುವ ಅಂಗಡಿ ಒಂದೇ. ತಿರುಗಿ ಬಂದಾಗ ಹೊತ್ತು ಇಳಿದಿತ್ತು, ಪ್ಯಾಂಟು ಮಾತ್ರ ಹೋದಂತೆಯೇ ಇತ್ತು.

"ಏನಂದ?" ಎಂದ ಈರಬಸಪ್ಪ, ಬೇರೆ ಕಡೆ ನೋಡುತ್ತ.

"ಯಾರ್ರಿ?"

"ಯಾರೂ ಇಲ್ಲ ಬಿಡು."

"ನಾಳೆ ಬಾಯಿಗೆ ನಾ ಕೂಡ್ತೀನ್ರಿ, ಮಾಂವಾ. ಮಾತಾಡಸೂದು ನನಗ ಬಿಡ್ರಿ."

ಮರುದಿನ ಮುಂಜಾನೆ ಹಿತ್ತಲಿನಲ್ಲಿ ದೀಪ ಇಳಿಸಿದರು. ಉರಿಯಿತು. ಈರಬಸಪ್ಪ ಅಂಗಿ ಕಳಚಿ, ಧೋತರದ ಕಚ್ಚೆ ಬಿಗಿದು, ಕೊರಳಿನ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ಹಗ್ಗ ಕಟ್ಟಿಕೊಂಡು ಇಳಿದ. ಕಾಲಿಗೆ ಜೋಳ ತಾಗಿತು. ಮೊಳಕಾಲಿನ ತನಕ ಹುಗಿಯಿತು. ಒಳಗೆ ಕಾವು, ಹುಳಿ ವಾಸನೆ, ಕಣ್ಣಿಗೆ ಕತ್ತಲು. ಮೇಲೆ ನೋಡಿದರೆ ಒಂದು ಊಟದ ಗಂಗಾಳದಷ್ಟು ಆಕಾಶ. ಆ ಗಂಗಾಳದ ಅಂಚಿನಲ್ಲಿ ಮಡಿವಾಳೆಪ್ಪನ ಕ್ರಾಪು.

"ಮಾಂವಾ, ಅದೀರೇನ್ರಿ?"

"ಹೂಂ."

"ಹೂಂ ನಡ್ಯೂದಿಲ್ಲ, ಮಾತಾಡ್ರಿ."

"ಏನ್ ಮಾತಾಡ್ಲಿ? ಬುಟ್ಟಿ ಬಿಡು."

ಬುಟ್ಟಿ ಇಳಿಯಿತು. ಈರಬಸಪ್ಪ ಎರಡೂ ಕೈಯಿಂದ ಜೋಳ ಬಾಚಿ ತುಂಬತೊಡಗಿದ. ಮೇಲಿನಿಂದ ರೇಡಿಯೋ ಸುರುವಾಯಿತು.

"ವಾರ್ತೆಗಳು. ಓದುತ್ತಿರುವವರು ಮಡಿವಾಳೆಪ್ಪ. ಪ್ರಗತಿಪರ ರೈತ ಶ್ರೀ ಈರಬಸಪ್ಪನವರು ಇಂದು ಬೆಳಿಗ್ಗೆ ಭೂಗತರಾಗಿದ್ದಾರೆ. ಅವರು ಒಳಗಿರುವುದನ್ನು ಸರಕಾರ ಇನ್ನೂ ಖಚಿತಪಡಿಸಿಲ್ಲ."

ಹಗ್ಗ ಹಿಡಿದ ಹೊಳೆಯಪ್ಪ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಈರಬಸಪ್ಪನೂ ಮೀಸೆಯೊಳಗೆ ನಕ್ಕ, ಆದರೆ ಮಾತು ಬರಲಿಲ್ಲ. ಆಮೇಲೆ ಬಸ್ಸಿನ ಕಂಡಕ್ಟರ್ ಬಂದ: "ಒಳಗ ಸರೀರಿ, ಒಳಗ ಸರೀರಿ, ಹಿಂದ ಜಾಗಾ ಐತಿ, ಜ್ವಾಳದ ಮ್ಯಾಲೆ ನಿಲ್ಲಬ್ಯಾಡ್ರಿ." ಆಮೇಲೆ ತಹಶೀಲ್ದಾರರು ಬಂದು ಮೂಗಿನ ದನಿಯಲ್ಲಿ ಹಗೇವಿನ ಪಹಣಿ ಉತಾರ ಕೇಳಿದರು. ಪ್ರತಿಯೊಂದು ದನಿಗೂ ಈರಬಸಪ್ಪ ಹೂಂ ಎಂದ, ಹೌದು ಎಂದ, ಸಾಕು ಬಿಡೋ ಎಂದ. ಎರಡು ಬುಟ್ಟಿ ಮೇಲೆ ಹೋದವು. ಗಂಗಾಳದ ಅಂಚಿನಿಂದ ಕ್ರಾಪು ಹಿಂದೆ ಸರಿಯಿತು. ಯಾರೋ ಏನನ್ನೋ ನೆಲದ ಮೇಲೆ ಎಳೆದು ತಂದು ಕೂತಂತಾಯಿತು. ಆಮೇಲೆ ಒಂದು ಕೆಮ್ಮು.

"ಅಲ್ಲಲೇ ಈರ್ಯಾ, ನಿಮ್ಮಾಂವ ಗೆದ್ದನಂತಲ್ಲ?"

ಜೋಳ ಬಾಚುತ್ತಿದ್ದ ಕೈಗಳು ಅಲ್ಲೇ ನಿಂತವು. ಎಂಥ ದನಿ ತೆಗೆದ ಹುಡುಗ! ಎಲೆಯಡಿಕೆಯಿಂದ ಒಂದು ಗಲ್ಲ ಉಬ್ಬಿದ ದನಿ. ಮಾತಿನ ತುದಿಯಲ್ಲಿ ಆ ಚುಚ್ಚು.

"ಮಡ್ಯಾ," ಎಂದ ಈರಬಸಪ್ಪ, "ಅವನ ದನಿ ಒಂದು ತಗೀಬ್ಯಾಡ."

"ಯಾಕ? ನಿನಗ ಮಾತಾಡಾಕ ಯಾರರೆ ಬೇಕಲ್ಲ."

ಅದೂ ಹೌದು. ಈರಬಸಪ್ಪ ಒಂದು ಬೊಗಸೆ ಬುಟ್ಟಿಗೆ ಹಾಕಿದ. "ತಗಿಯೂದಾದ್ರ ಪೂರ್ತಿ ತಗಿ. ಕೆಮ್ಮು ತಪ್ಪೈತಿ. ಸಿರಾಜ ಕೆಮ್ಮಿದ ಮ್ಯಾಲೆ ಯಾ ಅಲ್ಲಾ ಅಂತಾನ. ಅದನ್ನ ಬಿಟ್ಟಿ."

ಮೇಲಿನಿಂದ ಮತ್ತೆ ಕೆಮ್ಮು. "ಯಾ ಅಲ್ಲಾ!"

"ಹಾಂ, ಈಗ ಬಂತು. ಆದ್ರೂ ನಿನ್ನ ದನಿ ಮುದುಕನ ದನಿ ಆತು. ಅಂವ ಇನ್ನೂ ಇಷ್ಟು ಮುದುಕ ಆಗಿಲ್ಲ."

"ಎರಡು ವಾರ ಮಾತಾಡ್ಲಿಲ್ಲಂದ್ರ ಆಗ್ತಾನಪಾ. ಹೇಳು, ಗೆದ್ದದ್ದು ಹೇಳು."

ಈರಬಸಪ್ಪನಿಗೆ ಎದೆಯೊಳಗೆ ಕಟ್ಟಿದ್ದು ಒಮ್ಮೆಲೇ ಬಿಚ್ಚಿತು. ಅಣಕವಾದರೇನು, ದನಿಯಂತೂ ಅವನದೇ. ನಲವತ್ತು ರಾಜ್ಯಗಳನ್ನೂ ಒಂದೊಂದಾಗಿ ಬುಟ್ಟಿಗೆ ತುಂಬಿದ. ಹಗೇವು ಅವನ ದನಿಯನ್ನು ಹಿಡಿದು ದೊಡ್ಡದು ಮಾಡಿ ಅವನಿಗೇ ತಿರುಗಿ ಕೊಟ್ಟಿತು. ಒಳ್ಳೇ ಮೈಕಿನ ಮುಂದೆ ನಿಂತಂತಿತ್ತು. "ಮಂದಿ ಯಾಕ ಹಂಗ ಆರಿಸಿದ್ರು ಗೊತ್ತೈತೇನು? ಎಡದವ್ರು ಎದ್ದು ನಿಂತು ಏನಂದ್ರು? ನಿಮ್ಮ ಅಜ್ಜ ತಪ್ಪು, ನಿಮ್ಮ ಗುಡಿ ತಪ್ಪು, ನಿಮ್ಮ ಧ್ವಜ ತಪ್ಪು, ನೀವು ದುಡದದ್ದೂ ತಪ್ಪು. ತಿದ್ದಾಕ ನಾವು ಬಂದೀವಿ, ಓಟು ಕೊಡ್ರಿ ಅಂದ್ರು. ಮನಿಗೆ ಬಂದ ಬೀಗ ಚಹಾ ಕುಡಿಯೂಕಿಂತ ಮೊದಲ ಮನಿ ತೊಲಿ ಸೊಟ್ಟ ಐತಿ ಅಂದ್ರ ಹೆಣ್ಣು ಕೊಡ್ತಾರೇನು?"

"ತೊಲಿ ಸೊಟ್ಟ ಇದ್ರ?"

"ಇದ್ರ ಇರ್ಲಿ! ಅದರ ಕೆಳಗ ಮೊದಲ ಒಂದು ರಾತ್ರಿ ಮಲಗಲಿ, ಆಮ್ಯಾಲೆ ಹೇಳ್ಲಿ."

ಮೇಲೆ ನಗು. ಹೊಳೆಯಪ್ಪ ಬುಟ್ಟಿ ಎಳೆದ, ಬುಟ್ಟಿ ಇಳಿಸಿದ. ಈರಬಸಪ್ಪನ ಬೆನ್ನಿನಿಂದ ಬೆವರು ಇಳಿಯುತ್ತಿತ್ತು. ಎಷ್ಟೋ ದಿನಗಳಮೇಲೆ ಅವನಿಗೆ ಮೈ ಹಗುರಾಗಿತ್ತು.

"ಎಲ್ಲಾ ಖರೆ," ಎಂದಿತು ದನಿ. "ಹಸದಾಂವನ ಮಾರಿ ನೋಡೂದು ಯಾರ ಕೆಲಸ ಅಂತ ಕೇಳಿದ್ಯಲ್ಲ, ಅದೂ ಚಲೋ ಮಾತು. ನೀ ನೋಡಿದಿ. ನೋಡಿ ಏನ್ ಮಾಡಿದಿ?"

ಈರಬಸಪ್ಪನ ಕೈಯೊಳಗಿನ ಜೋಳ ಬೆರಳುಸಂದಿಯಿಂದ ಸುರಿಯಿತು.

"ಮಾತಾಡಲೇ. ಹಗ್ಗ ಜಗ್ಗಿಸ್ತೀನಿ ನೋಡು."

"ಜಗ್ಗಬ್ಯಾಡ. ಅದೀನಿ." ಅವನು ಗೋಡೆಯ ಹುಲ್ಲಿಗೆ ಬೆನ್ನು ಹಚ್ಚಿ ಕೂತ. ಇಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ತನ್ನ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. "ಮಡ್ಯಾ, ನೀ ಕಲತಾಂವ. ಕೇಳು. ಕೊಡೂದು ಕೈಲೆ ಕೊಡಬೇಕು, ಚೀಟಿಲೆ ಅಲ್ಲ. ಈ ಮಾತು ಅವತ್ತೂ ಖರೆ, ಇವತ್ತೂ ಖರೆ. ಆದ್ರ ಕೊಡೂ ಕೈಗೆ ಬಾಯಿ ಇರಬಾರದು. ನನ್ನ ಕೈಗೆ ಬಾಯಿ ಬಂತು. ಅಷ್ಟ ವರ್ಷ ಮುಚ್ಚಿಟ್ಟದ್ದನ್ನ ಒಂದು ವಾದ ಗೆಲ್ಲಾಕ ತಗದು ಬಜಾರದಾಗ ಇಟ್ಟೆ. ನನ್ನ ತಪ್ಪು." ಆಮೇಲೆ ಹುಷಾರಾಗಿ ಸೇರಿಸಿದ: "ನಾ ತಪ್ಪಿದೆ ಅಂದಕೂಡ್ಲೆ ಆ ಎಡದವ್ರು ಖರೆ ಆಗೂದಿಲ್ಲ, ಅದು ಬ್ಯಾರೆ."

ಅವನು ಮೀಸೆಗೆ ಹತ್ತಿದ ಧೂಳು ಒರೆಸಿಕೊಂಡ.

"ಇನ್ನೊಂದು ಐತಿ. ಇದನ್ನ ಅವನ ಮುಂದ ಹೇಳಬ್ಯಾಡ. ಆ ವರ್ಷ ನಾ ಜ್ವಾಳಾ ಕಳಿಸಿದ್ದು ದಾನ ಅಂತಲ್ಲ. ಗಿರಣಿ ಬಂದಾತು, ಅಂವ ಮುಂಬಯಿಗೆ ಹೋಗ್ತಾನ ಅಂತ ಮಲಿಕಾಬಿ ಅಂದ್ಲು. ಅಂವ ಮುಂಬಯಿಗೆ ಹೋದ್ರ ಈ ಬಾಯಿಗೆ ಕೂಡಾಂವ ಯಾರು? ನಾ ಯಾರ ಕೂಡ ಮಾತಾಡ್ಲಿ? ನಿಮ್ಮ ಅತ್ತಿ ಕೂಡೇನು? ಆಕಿಗೆ ಡಬ್ಬಿದೊಂದ ಚಿಂತಿ. ನನ್ನ ಸ್ವಾರ್ಥಕ್ಕ ಕಳಿಸಿದೆ. ಉಪಕಾರ ಅಂದ್ರ ಅಂವ ನನಗ ಮಾಡಿದ್ದು."

ಗಂಗಾಳದಷ್ಟು ಆಕಾಶ ಖಾಲಿಯಿತ್ತು. ಕೆಮ್ಮೂ ಇಲ್ಲ. ಈರಬಸಪ್ಪನಿಗೆ ಈಗ ಒಂದು ತರದ ಗಾಬರಿಯಾಯಿತು. ಒಳಗಿನವನ ಮಾತು ನಿಂತರೆ ಹಗ್ಗ ಜಗ್ಗುವುದು ರೂಢಿ. ಮೇಲಿನವನ ಮಾತು ನಿಂತರೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿರಲಿಲ್ಲ.

"ಮಡ್ಯಾ! ಏ ಮಡ್ಯಾ! ಮಾತಾಡೋ! ಎಲ್ಲಿ ಹಾಳಾಗಿ ಹೋದ್ರಿ ಎಲ್ಲಾರೂ?"

ಆಗ ಗಂಗಾಳದ ಅಂಚಿನಲ್ಲಿ ಒಂದು ತಲೆ ಮೂಡಿತು. ಕ್ರಾಪು. ಅದರ ಬದಿಗೆ ಇನ್ನೊಂದು, ಸೆರಗು ಹೊದ್ದದ್ದು. ನೀಲಕ್ಕ. ಅವಳು ಆ ಡಬ್ಬಿಯ ಮಾತು ಕೇಳಿಸಿಕೊಂಡಿದ್ದಾಳೆಂದು ಅವಳ ನಿಲುವಿನಿಂದಲೇ ಗೊತ್ತಾಯಿತು. ಇಬ್ಬರ ನಡುವೆ ನಿಧಾನವಾಗಿ ಮೂರನೆಯದು. ಬಿಳಿ ಟೊಪ್ಪಿಗೆ, ಉಬ್ಬಿದ ಒಂದು ಗಲ್ಲ.

"ಕೆಮ್ಮು ತಪ್ಪೈತೇನಲೇ?" ಎಂದಿತು ಟೊಪ್ಪಿಗೆ. "ಐವತ್ತು ವರ್ಷದಿಂದ ಕೆಮ್ಮಾಕತ್ತೀನಿ, ಇವತ್ತ ನನಗ ಕೆಮ್ಮೂದು ಕಲಸಾಕ ಬಂದಾನ!"

ಈರಬಸಪ್ಪ ಗೋಡೆ ಹಿಡಿದು ಎದ್ದು ನಿಂತ. ರೇಡಿಯೋ, ಕಂಡಕ್ಟರ್, ತಹಶೀಲ್ದಾರ: ಆ ಮೂರನ್ನೂ ತನಗೆ ಯಾಕೆ ಕೇಳಿಸಿದರು, ಆಮೇಲೆ ಬಂದದ್ದನ್ನು ತಾನು ಯಾಕೆ ಅಣಕವೆಂದು ನಂಬಿದೆ ಎಂದು ಒಂದೊಂದಾಗಿ ತಲೆಗೆ ಇಳಿಯತೊಡಗಿತು.

"ಮಡ್ಯಾ, ಮಗನ! ಮ್ಯಾಲೆ ಬಂದ್ರ ನಿನ್ನ..."

"ನಾ ಏನ್ ಮಾಡೇನ್ರಿ, ಮಾಂವಾ? ಕಾಕಾನ ದನಿ ನನಗ ಬರೂದಿಲ್ಲ. ಅದಕ್ಕ ಕಾಕಾನ್ನ ಕರಕೊಂಡು ಬಂದೆ."

"ಅವನ ಮ್ಯಾಲೆ ಯಾಕ ಒದರ್ತಿ?" ಎಂದ ಸಿರಾಜುದ್ದೀನ. "ಹೊಳೆಯಪ್ಪಾ, ಇದನ್ನ ಹಿಡಿಯೋ ಇಲ್ಲೆ."

ತಾನು ಕೂತಿದ್ದ ಆಸನದಿಂದ ಅವನು ಎದ್ದ. ಅದು ಚೀಲ. ಕಟ್ಟೆಯ ಮೇಲಿನ ಚೀಲ, ಗುಬ್ಬಿ ಕುಕ್ಕಿದ ಕಿವಿಯ ಚೀಲ. ಇಬ್ಬರೂ ಅದನ್ನು ಹಗೇವಿನ ಬಾಯಿಗೆ ಒರಗಿಸಿದರು.

"ಲೇ ಸಿರಾಜಾ, ಬ್ಯಾಡ! ಈ ವರ್ಷದ್ದು ಹಳೇದರಾಗ ಕೂಡಸಬ್ಯಾಡಲೇ, ಹುಳಾ ಹತ್ತತಾವು!"

"ಹತ್ತಿದ್ರ ಹತ್ಲಿ. ನಿಂದ್ಯಾವುದು, ನಂದ್ಯಾವುದು ಅಲ್ಲೇ ಕೂತು ಆರಸು. ನನ್ನದನ್ನ ಬ್ಯಾರೆ ತಗದು ಕೊಡು, ಹೊತ್ಕೊಂಡು ಹೋಗ್ತೀನಿ." ಸಿರಾಜುದ್ದೀನ ಹಲ್ಲಿನಿಂದ ಚೀಲದ ಹೊಲಿಗೆ ಕಡಿದ, ಸಿಂಪಿಗನ ಹಲ್ಲು. "ಆರಸಾಕ ಆಗ್ಲಿಲ್ಲಂದ್ರ ಮುಂದ ಈ ಮಾತು ಎತ್ತಬ್ಯಾಡ, ನೀನೂ ಎತ್ತಬ್ಯಾಡ, ನಾನೂ ಎತ್ತೂದಿಲ್ಲ."

ಜೋಳ ಸುರಿಯಿತು. ಬಿಸಿಲಿನಲ್ಲಿ ಒಂದು ಕ್ಷಣ ಮಿಂಚಿ, ಕತ್ತಲಿಗೆ ಬಿದ್ದು, ಈರಬಸಪ್ಪನ ಬೋಳುತಲೆಯ ಮೇಲೆ, ಹೆಗಲ ಮೇಲೆ, ಮೀಸೆಯೊಳಗೆ, ಕಿವಿಯೊಳಗೆ. ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕೂಗಿದ, ಬೈದ, ಕೆಮ್ಮಿದ. ಕೆಮ್ಮಿದ ಮೇಲೆ ಅವನ ಬಾಯಿಂದ ತಾನಾಗಿ ಹೊರಟಿತು: "ಯಾ ಅಲ್ಲಾ!"

ಮೇಲೆ ಮೊದಲು ನಕ್ಕವನು ಹೊಳೆಯಪ್ಪ. ಆಮೇಲೆ ಮಡಿವಾಳೆಪ್ಪ, ಆಮೇಲೆ ಸೆರಗಿನೊಳಗೆ ನೀಲಕ್ಕ. ಸಿರಾಜುದ್ದೀನ ನಗುತ್ತ ಖಾಲಿ ಚೀಲದ ಮೇಲೆ ಕುಕ್ಕರಿಸಿದ. ಅಷ್ಟರಲ್ಲಿ ನೆಲದೊಳಗಿನಿಂದ ಇನ್ನೊಂದು ನಗು ಎದ್ದಿತು. ಮೊದಲು ಗುಡುಗಿನ ಹಾಗೆ ದೂರದಲ್ಲಿ, ಆಮೇಲೆ ಹಗೇವಿನ ಹೊಟ್ಟೆ ತುಂಬಿ, ಸಣ್ಣ ಬಾಯಿಯಲ್ಲಿ ಹಿಡಿಸದೆ ಉಕ್ಕಿ, ಹಿತ್ತಲು ದಾಟಿ, ಓಣಿ ದಾಟಿತು. ಕೋಳಿಗಳು ಬಣವೆಯ ಹಿಂದೆ ಓಡಿದವು. ಮೂರು ಮನೆ ಆಚೆ ಮಲಿಕಾಬಿ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು.

"ನಾಕು ವರ್ಷ ತಡಿ," ಎಂದು ಸಿರಾಜುದ್ದೀನ ಬಾಯಿಗೆ ಬಗ್ಗಿ ಕೂಗಿದ. "ನಮ್ಮ ಎಡದವ್ರು ಮತ್ತ ಬರ್ತಾರ!"

ಉತ್ತರಕ್ಕೆ ನಗುವೇ ಬಂತು. ಹೊಳೆಯಪ್ಪ ಬುಟ್ಟಿ ಎಳೆದ. ನೀಲಕ್ಕ ಅದರೊಳಗೆ ಡಬ್ಬಿ ಅದ್ದಿ, ಮೇಲೆ ಗೋಪುರವಾದದ್ದನ್ನು ಅಂಗೈಯಿಂದ ಸವರಿ, ಎದ್ದು ಬೀಸುವ ಕಲ್ಲಿನ ಕಡೆಗೆ ನಡೆದಳು. ಒಳಗಿನವನು ಮಾತು ನಿಲ್ಲಿಸಿ ಬಹಳ ಹೊತ್ತಾಗಿತ್ತು; ನಗು ಮಾತ್ರ ನಿಂತಿರಲಿಲ್ಲ. ಹಗ್ಗವನ್ನು ಯಾರೂ ಜಗ್ಗಲಿಲ್ಲ.